ಬುಧವಾರ ಹಗಲು 27 ಡಿಗ್ರಿ, ಶುಕ್ರವಾರ ಬೆಳಗ್ಗೆ ಸೊನ್ನೆಗಿಂತ ಕೆಳಗೆ: ಒಕ್ಲಹೋಮಾದ ಹಿತ್ತಲಿನ ಮಲ್ಲಿಗೆ, ಬಸಳೆ, ಕೆಸುವನ್ನು ಉಳಿಸುವುದು ಹೇಗೆ?

ಕಟಪಾಡಿ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಮತ್ತು ಅಳಿಯ ಅಮೆರಿಕದ ಒಕ್ಲಹೋಮಾ ಸಿಟಿಯ ಹೊರವಲಯದಲ್ಲಿ ಈ ವರ್ಷ ಹಿತ್ತಲಿರುವ ಮನೆಗೆ ಬಂದಿದ್ದಾರೆ. ದೊಡ್ಡ ಕುಂಡದಲ್ಲಿ ಮಲ್ಲಿಗೆ, ಇನ್ನೊಂದರಲ್ಲಿ ಕರಿಬೇವು, ಬೇಲಿಯ ಮೇಲೆ ಬಸಳೆ, ನೆಲದಲ್ಲಿ ಕೆಸು, ಬದನೆ, ಟೊಮೆಟೊ ಎಲ್ಲವೂ ಸೊಂಪಾಗಿವೆ. ಈಗ ಅಲ್ಲಿಯ ಹವಾಮಾನ ಇಲಾಖೆಯ ಮುನ್ಸೂಚನೆ ಬಂದಿದೆ. ಬುಧವಾರ ಮಧ್ಯಾಹ್ನ 27 ಡಿಗ್ರಿ ಸೆಲ್ಸಿಯಸ್ ಇದ್ದು, ಸಂಜೆ ಬಲವಾದ ಕೋಲ್ಡ್ ಫ್ರಂಟ್ ಒಂದು, ಅಂದರೆ ನುಗ್ಗಿ ಬರುವ ತಣ್ಣಗಿನ ಗಾಳಿಯ ಮುಂಚೂಣಿ, ಹಾದುಹೋಗುತ್ತದಂತೆ. ಗುರುವಾರ ಬೆಳಗಿನ ಜಾವ 1 ಡಿಗ್ರಿ, ಶುಕ್ರವಾರ ಬೆಳಗಿನ ಜಾವ ಸೊನ್ನೆಗಿಂತ 3 ಡಿಗ್ರಿ ಕೆಳಗೆ. ಈ ಋತುವಿನ ಮೊದಲ ಹೆಪ್ಪುಗಟ್ಟುವ ಚಳಿ ಇದೇ ಎಂದು ಮಗಳು ಹೇಳಿದಳು.

ನೆರೆಮನೆಯವರು ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸಲು ಹೇಳಿದ್ದಾರೆ, ಅಳಿಯ ಹಳೆಯ ಬೆಡ್‌ಶೀಟ್ ಸಾಕೆನ್ನುತ್ತಾರೆ. ಎರಡರಲ್ಲಿ ಯಾವುದು ಸರಿ? ಒಂದೇ ರಾತ್ರಿಯಲ್ಲಿ ಇಷ್ಟು ಇಳಿಯುವುದು ಹೇಗೆ ಸಾಧ್ಯ ಎಂಬುದನ್ನೂ ತಿಳಿದವರು ಬಿಡಿಸಿ ಹೇಳಬೇಕು.

ಬಜಪೆ ಬಿಸಿಲು
ಅಮ್ಮಾ, ಮೊಬೈಲಿನ ಹವಾಮಾನ ಸೂಚನೆಯನ್ನು ಅಷ್ಟಾಗಿ ನಂಬಬೇಡಿ. ನಮ್ಮಲ್ಲಿ ಜೋರು ಮಳೆ ಎಂದು ತೋರಿಸಿದ ದಿನವೇ ಚುರುಗುಟ್ಟುವ ಬಿಸಿಲಿರುತ್ತದೆ. ಎರಡು ರಾತ್ರಿ ಕಳೆಯುವುದರೊಳಗೆ 30 ಡಿಗ್ರಿ ಇಳಿಯುವುದೆಂದರೆ ಫ್ಯಾರನ್‌ಹೀಟನ್ನೂ ಸೆಲ್ಸಿಯಸನ್ನೂ ಯಾರೋ ಕಲಸಿದ್ದಾರೆ ಎಂದೇ ಅರ್ಥ.

ತುಲ್ಸಾದ ತುಳುವ
ಯಾರೂ ಕಲಸಿಲ್ಲ ಮಾರಾಯರೇ. ನಾನು ಪುತ್ತೂರಿನವನು, ಈಗಿರುವುದು ಇದೇ ರಾಜ್ಯದಲ್ಲಿ. 1911ರ ನವೆಂಬರ್ 11ರಂದು ಒಕ್ಲಹೋಮಾ ಸಿಟಿಯಲ್ಲಿ ಹಗಲು 83 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ 28 ಡಿಗ್ರಿ ಸೆಲ್ಸಿಯಸ್ ಇತ್ತು. ಅದೇ ದಿನ ನಡುರಾತ್ರಿಯೊಳಗೆ ಅದು 17 ಡಿಗ್ರಿ ಫ್ಯಾರನ್‌ಹೀಟಿಗೆ, ಎಂದರೆ ಸೊನ್ನೆಗಿಂತ 8 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಬಂದಿತ್ತು. ಆ ತಾರೀಖಿನ ಅತಿ ಹೆಚ್ಚಿನ ಉಷ್ಣತೆಯ ದಾಖಲೆಯೂ ಅತಿ ಕಡಿಮೆಯ ದಾಖಲೆಯೂ ಇಂದಿಗೂ ಅದೇ ಒಂದು ದಿನದವು. ಅದರ ಮುಂದೆ ಈ ವಾರದ್ದು ದೊಡ್ಡದಲ್ಲ. ಇಲ್ಲಿ ಮೊದಲ ಫ್ರೀಜ್ ಸಾಮಾನ್ಯವಾಗಿ ನವೆಂಬರ್ ಮೊದಲ ವಾರದ ಆಸುಪಾಸು ಬರುತ್ತದೆ, ಈ ಸಲ ತುಸು ಬೇಗ ಬಂದಿದೆ ಅಷ್ಟೆ.

ಅಕ್ಕ, ಇಲ್ಲಿನ ಇಲಾಖೆ ಎರಡು ಹಂತದ ಸೂಚನೆ ಕೊಡುತ್ತದೆ. 33ರಿಂದ 36 ಡಿಗ್ರಿ ಫ್ಯಾರನ್‌ಹೀಟ್ ನಿರೀಕ್ಷೆಯಿದ್ದರೆ ಫ್ರಾಸ್ಟ್ (ನೆಲದ ಮೇಲೆ ಬಿಳಿ ಹರಳು ಕಟ್ಟುವ ಚಳಿ) ಸೂಚನೆ, 32 (ನಮ್ಮ ಸೊನ್ನೆ) ಅಥವಾ ಅದಕ್ಕಿಂತ ಕೆಳಗಾದರೆ ಫ್ರೀಜ್ ಎಚ್ಚರಿಕೆ. 28ಕ್ಕಿಂತ ಕೆಳಗಿಳಿದು ಕೆಲವು ತಾಸು ನಿಂತರೆ ಮೊದಲು ಹಾರ್ಡ್ ಫ್ರೀಜ್ ಎಂಬ ಬೇರೆ ಎಚ್ಚರಿಕೆ ಇತ್ತು, 2024ರಿಂದ ಅದೂ ಫ್ರೀಜ್ ಎಚ್ಚರಿಕೆಯೊಳಗೇ ಸೇರಿದೆ. ಮಗಳಿಗೆ ಬಂದಿರುವುದು ಯಾವುದೆಂದು ಕೇಳಿ ನೋಡಿ, ಕೆಲಸದ ಪ್ರಮಾಣ ಅದರ ಮೇಲೆ ನಿಂತಿದೆ.

ಮಣಿಪಾಲದ ಭೂಗೋಳ ಮಾಸ್ತರ
ಇದಕ್ಕೆಲ್ಲ ಮೂಲ ಕಾರಣ ಆ ಖಂಡದ ಪರ್ವತಗಳು ಚಾಚಿಕೊಂಡಿರುವ ದಿಕ್ಕು. ಹಿಮಾಲಯವು ಪೂರ್ವ ಪಶ್ಚಿಮವಾಗಿ ಹಬ್ಬಿರುವುದರಿಂದ ಮಧ್ಯ ಏಷ್ಯಾ ಮತ್ತು ಸೈಬೀರಿಯದ ಕೊರೆಯುವ ಗಾಳಿ ನೇರವಾಗಿ ನಮ್ಮತ್ತ ಇಳಿಯಲಾರದು. ಉತ್ತರ ಅಮೆರಿಕದ ರಾಕಿ ಪರ್ವತಗಳು ಉತ್ತರ ದಕ್ಷಿಣವಾಗಿವೆ. ಅವುಗಳ ಪೂರ್ವಕ್ಕೆ ಕೆನಡಾದ ಉತ್ತರ ತುದಿಯಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಬರೇ ಬಯಲು. ಶರತ್ಕಾಲದಲ್ಲಿ ಧ್ರುವದ ಕಡೆ ಹಗಲು ಮೊಟಕಾಗಿ ಅಲ್ಲಿನ ಗಾಳಿ ತಣಿಯುತ್ತಾ ಹೋಗುತ್ತದೆ, ಕೊಲ್ಲಿಯ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ, ಆ ಎರಡು ಗಾಳಿಗಳು ಎದುರುಬದುರಾಗುವುದು ಒಕ್ಲಹೋಮಾ, ಕಾನ್ಸಾಸ್, ಟೆಕ್ಸಾಸಿನಂಥ ರಾಜ್ಯಗಳ ನೆತ್ತಿಯ ಮೇಲೆಯೇ.

ತಣ್ಣಗಿನ ಗಾಳಿ ಭಾರವಾದುದರಿಂದ ಅದು ಬೆಚ್ಚಗಿನ ಗಾಳಿಯ ಅಡಿಯಲ್ಲಿ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಹಾಗಾಗಿ ಫ್ರಂಟಿನ ಸಾಲಿನುದ್ದಕ್ಕೂ ಗುಡುಗು, ಮಳೆ ಬರುವುದುಂಟು. ಮೊದಲು ದಕ್ಷಿಣದ ಸೆಖೆಯ ಗಾಳಿ ಬೀಸಿ, ವಾಯುಭಾರ ಕುಸಿದು, ಆಮೇಲೆ ಗಾಳಿ ಥಟ್ಟನೆ ತಿರುಗಿ ವಾಯವ್ಯದಿಂದ ಬೀಸತೊಡಗುತ್ತದೆ. ಮಗಳು ಬುಧವಾರ ಸಂಜೆ ಅಂಗಳದಲ್ಲಿ ನಿಂತಿದ್ದರೆ ಗಾಳಿ ತಿರುಗುವ ಆ ಗಳಿಗೆಯನ್ನು ಮೈಯಲ್ಲೇ ಅರಿಯಬಹುದು.

ಕುಂದಾಪ್ರದವ
ನಮ್ಮಲ್ಲಿ 20 ಡಿಗ್ರಿಗೇ ಅಜ್ಜ ಮಂಕಿ ಕ್ಯಾಪ್ ಹುಡುಕಲು ಆರಂಭಿಸುತ್ತಾರೆ, ಸೊನ್ನೆಯ ಮಾತು ಅವರಿಗೆ ಹೇಳುವುದೇ ಬೇಡ.

ಮಂಗಳಾದೇವಿ ರಸ್ತೆ
ಅಜ್ಜನನ್ನು ನಗಬೇಡಿ. ಭಾರತೀಯ ಹವಾಮಾನ ಇಲಾಖೆಯೇ ಕರಾವಳಿಗೆ ಬೇರೆ ಅಳತೆ ಇಟ್ಟಿದೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿಗೆ ಇಳಿಯದೆ ಶೀತ ಅಲೆ ಎನ್ನುವುದಿಲ್ಲ, ಕರಾವಳಿಯಲ್ಲಿ 15 ಡಿಗ್ರಿಗೇ ಎನ್ನಬಹುದು.

ಮಣಿಪಾಲದ ಭೂಗೋಳ ಮಾಸ್ತರ
ಬರೇ 15 ಆದರೆ ಸಾಲದು ತಾಯಿ. ಆ ದಿನದ ವಾಡಿಕೆಯ ಕನಿಷ್ಠಕ್ಕಿಂತ 4.5 ಡಿಗ್ರಿಯಷ್ಟಾದರೂ ಕಡಿಮೆ ಇರಬೇಕು. ನಮಗೆ ಮಗ್ಗುಲಲ್ಲೇ ಅರಬ್ಬಿ ಸಮುದ್ರವಿದೆ, ನವೆಂಬರಿನಲ್ಲೂ ಅದರ ಮೇಲ್ಪದರದ ನೀರು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ಬದಿಗಿಟ್ಟುಕೊಂಡು ಮಂಗಳೂರು ಹೆಪ್ಪುಗಟ್ಟುವ ಮಾತೇ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ನಮ್ಮ ಜನವರಿಯ ಹಗಲು ಜುಲೈಯ ಹಗಲಿಗಿಂತ ಬಿಸಿ. ಘಟ್ಟ ಇಳಿದು ಬರುವ ಒಣ ಮೂಡುಗಾಳಿ ಮಧ್ಯಾಹ್ನದವರೆಗೆ ಕಡಲಗಾಳಿಯನ್ನು ತಡೆದರೆ ಇಡೀ ದೇಶದ ಅತಿ ಹೆಚ್ಚಿನ ಉಷ್ಣತೆ ಆ ದಿನ ಕರಾವಳಿ ಕರ್ನಾಟಕದಲ್ಲೇ ದಾಖಲಾಗುವುದುಂಟು.

ಶಂಕರಪುರದ ಮಲ್ಲಿಗೆಮನೆ
ಗಿಡದ ಮಾತಿಗೆ ಬರೋಣ. ನಮ್ಮ ಮಲ್ಲಿಗೆಗೆ ಸೊನ್ನೆ ಡಿಗ್ರಿ ಏನೆಂದೇ ತಿಳಿಯದು. ಇಲ್ಲಿ ರಾತ್ರಿ 20ರ ಹತ್ತಿರ ಬಂದು ಇಬ್ಬನಿ ಬೀಳಲು ಆರಂಭವಾದರೆ ಮೊಗ್ಗು ಕಡಿಮೆಯಾಗುತ್ತದೆ. ಹಾಗಿರುವಾಗ ಹೊರಗೆ ಬಟ್ಟೆ ಹೊದಿಸುವುದೋ ಪ್ಲಾಸ್ಟಿಕ್ ಹೊದಿಸುವುದೋ ಎಂಬ ಚರ್ಚೆ ಮಲ್ಲಿಗೆಯ ಮಟ್ಟಿಗೆ ಅನಗತ್ಯ. ಕುಂಡದಲ್ಲಿದೆ ಎಂದಿದ್ದೀರಿ, ಬುಧವಾರ ಮಧ್ಯಾಹ್ನವೇ ಒಳಗೆ ಒಯ್ಯಲಿ. ಒಯ್ಯುವ ಮೊದಲು ಎಲೆಯ ಅಡಿಭಾಗವನ್ನು ನೀರಿನಿಂದ ತೊಳೆದು ಹುಳ, ಹೇನು ಇವೆಯೇ ಎಂದು ನೋಡಲಿ. ಒಳಗೆ ಹೆಚ್ಚು ಬಿಸಿಲು ಬರುವ ಕಿಟಕಿಯ ಬಳಿ ಇಟ್ಟು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಲಿ. ಹೊಸ ಗೆಲ್ಲು ಬರಲಿಲ್ಲವೆಂದು ಗೊಬ್ಬರ ಹಾಕುವುದು ಬೇಡ.

ಡಲ್ಲಾಸಿನ ದೇರೆಬೈಲು
ಅಣ್ಣಾ, ಮಲ್ಲಿಗೆ ಅಷ್ಟು ನಾಜೂಕಲ್ಲ. ನನ್ನದು ನೆಲದಲ್ಲೇ ಇದೆ, ಮನೆಯ ದಕ್ಷಿಣದ ಇಟ್ಟಿಗೆ ಗೋಡೆಗೆ ಒತ್ತಿಕೊಂಡು. ಹಗಲಿನ ಬಿಸಿಲನ್ನು ಹೀರಿದ ಗೋಡೆ ರಾತ್ರಿ ಅದನ್ನು ಬಿಡುತ್ತದೆ. ಬುಡಕ್ಕೆ ಒಣ ಎಲೆಯನ್ನು ದಪ್ಪಗೆ ಹಾಸಿದರೆ ಮೇಲಿನ ಗೆಲ್ಲುಗಳು ಕರಕಲಾದರೂ ಬೇರು ಉಳಿದು ಏಪ್ರಿಲ್‌ನಲ್ಲಿ ಚಿಗುರುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ವಿದ್ಯುತ್ತೂ ಇಲ್ಲದೆ ನೀರಿನ ಪೈಪುಗಳೆಲ್ಲ ಒಡೆದ ಆ ವಾರದಲ್ಲಿ ನನ್ನ ಹಳೆಯ ಗಿಡ ಸತ್ತದ್ದು ನಿಜ, ಆದರೆ ಅದು ಶರತ್ಕಾಲದ ಮೊದಲ ಚಳಿಯಲ್ಲ, ನಡುಚಳಿಗಾಲದ ಹೊಡೆತ.

ಶಂಕರಪುರದ ಮಲ್ಲಿಗೆಮನೆ
ನೆಲದಲ್ಲಿರುವ ಗಿಡದ ಬೇರಿಗೆ ಸುತ್ತಲಿನ ಮಣ್ಣಿನ ಬಿಸಿ ಸಿಗುತ್ತದೆ, ಕುಂಡದ ಗಿಡಕ್ಕೆ ನಾಲ್ಕೂ ಕಡೆಯಿಂದ ಗಾಳಿ ತಾಗಿ ಬೇರೇ ಹೆಪ್ಪುಗಟ್ಟುತ್ತದೆ. ನಿಮ್ಮ ಅನುಭವ ನಿಮ್ಮ ಗಿಡಕ್ಕೆ ಸರಿ. ಅಮ್ಮನ ಮಗಳ ಗಿಡ ಒಳಗೇ ಹೋಗಲಿ.

ಕಟಪಾಡಿ ಅಮ್ಮ
ಫ್ರೀಜ್ ಎಚ್ಚರಿಕೆ ಎಂದೇ ಬಂದಿದೆಯಂತೆ. ಮಲ್ಲಿಗೆ, ಕರಿಬೇವು ಎರಡನ್ನೂ ಒಳಗಿಡಲು ಹೇಳಿದೆ. ಬಸಳೆ, ಕೆಸು, ಬದನೆಗಳನ್ನು ಒಳಗೆ ತರುವಂತಿಲ್ಲವಲ್ಲ? ಬದನೆ ನಮ್ಮ ಮಟ್ಟುಗುಳ್ಳವಲ್ಲ, ಅಲ್ಲಿಯದೇ ಉದ್ದ ಜಾತಿ. ಆದರೂ ಕಾಯಿ ತುಂಬ ಇದೆ.

ತುಲ್ಸಾದ ತುಳುವ
ಬಸಳೆಯ ಆಸೆ ಬಿಡಿ ಅಕ್ಕ. ಮೊದಲ ಫ್ರೀಜಿಗೆ ಬೇಯಿಸಿದ ಸೊಪ್ಪಿನಂತಾಗಿ ಜೋತುಬೀಳುತ್ತದೆ. ಬುಧವಾರವೇ ದಂಟು ಸಮೇತ ಕೊಯ್ದು ಪದಾರ್ಥ ಮಾಡಿ, ಉಳಿದದ್ದನ್ನು ನೆರೆಯ ಕನ್ನಡದವರಿಗೆ ಹಂಚಲಿ. ಕಪ್ಪಾಗಿ ಹಣ್ಣಾದ ಬೀಜಗಳನ್ನು ಒಣಗಿಸಿ ತೆಗೆದಿಟ್ಟರೆ ಮುಂದಿನ ಮೇ ತಿಂಗಳಲ್ಲಿ ಬಿತ್ತಬಹುದು. ಒಂದೆರಡು ತುಂಡು ದಂಟನ್ನು ನೀರಿನ ಲೋಟದಲ್ಲಿ ಕಿಟಕಿಯ ಬಳಿ ಇಟ್ಟರೆ ಬೇರು ಬಿಡುತ್ತದೆ. ಕೆಸುವಿನ ಎಲೆಗಳೂ ಹೋಗುತ್ತವೆ, ಗೆಡ್ಡೆ ನೆಲದೊಳಗೆ ಉಳಿಯುತ್ತದೆ. ಪತ್ರೊಡೆ ಮಾಡುವುದಿದ್ದರೆ ಎಲೆ ಕೊಯ್ಯಲು ಬುಧವಾರವೇ ಕೊನೆಯ ದಿನ. ಬದನೆಯ ಎಳೆಯ ಕಾಯಿಗಳನ್ನೂ ಕೊಯ್ಯಲಿ, ಗಿಡಕ್ಕೆ ಹೊದಿಕೆ ಹಾಕಿ ಅದೃಷ್ಟ ಪರೀಕ್ಷೆ ಮಾಡಲಿ. ಹಸಿರು ಟೊಮೆಟೊವನ್ನು ಕಿತ್ತು ಕಾಗದದಲ್ಲಿ ಸುತ್ತಿಟ್ಟರೆ ಬಲಿತವು ನಿಧಾನವಾಗಿ ಹಣ್ಣಾಗುತ್ತವೆ, ಎಳೆಯವು ಚಟ್ನಿಗೆ ಆದಾವು.

ಬಜಪೆ ಬಿಸಿಲು
ಪತ್ರೊಡೆಗಾಗಿ ಅಮೆರಿಕದ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ಹಾಗಾಯಿತು! ಇರಲಿ, ಪ್ಲಾಸ್ಟಿಕ್ಕೋ ಬಟ್ಟೆಯೋ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮಳೆ, ಗಾಳಿ ಎರಡನ್ನೂ ತಡೆಯುವ ಪ್ಲಾಸ್ಟಿಕ್ಕೇ ಉತ್ತಮ ಎಂಬುದು ಸಾಮಾನ್ಯ ಬುದ್ಧಿಗೆ ಹೊಳೆಯುವ ಮಾತು.

ಸುರತ್ಕಲ್ ಎಂಜಿನಿಯರ್
ಇಲ್ಲಿ ಸಾಮಾನ್ಯ ಬುದ್ಧಿ ಕೈಕೊಡುತ್ತದೆ. ಹೊದಿಕೆ ಬಿಸಿಯನ್ನು ಉತ್ಪಾದಿಸುವುದಿಲ್ಲ, ಹಗಲಲ್ಲಿ ಕಾದ ನೆಲದಿಂದ ರಾತ್ರಿ ಮೇಲೇಳುವ ಬಿಸಿಯನ್ನು ಹಿಡಿದಿಡುತ್ತದೆ. ಆದುದರಿಂದ ಹೊದಿಕೆ ನಾಲ್ಕೂ ಕಡೆ ನೆಲ ಮುಟ್ಟಬೇಕು, ಅಂಚಿಗೆ ಕಲ್ಲೋ ಇಟ್ಟಿಗೆಯೋ ಹೇರಬೇಕು. ಬಾಣಂತಿಯ ತಲೆಗೆ ಬಟ್ಟೆ ಸುತ್ತಿದಂತೆ ಗಿಡದ ಮೇಲ್ಭಾಗಕ್ಕೆ ಮಾತ್ರ ಸುತ್ತಿ ಕಾಂಡಕ್ಕೆ ಕಟ್ಟಿದರೆ ನೆಲದ ಬಿಸಿ ಒಳಗೆ ಬರುವುದೇ ಇಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದಲ್ಲೆಲ್ಲ ಹೊರಗಿನ ತಣ್ಪು ನೇರವಾಗಿ ದಾಟಿ ಎಲೆ ಸುಡುತ್ತದೆ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಒಳಗೆ ಬೇಯುತ್ತದೆ ಕೂಡ. ಪ್ಲಾಸ್ಟಿಕ್ಕೇ ಬೇಕೆಂದರೆ ಕೋಲು ನೆಟ್ಟು, ಎಲೆಗೆ ತಾಗದಂತೆ ಬಟ್ಟೆಯ ಮೇಲೆ ಇನ್ನೊಂದು ಪದರವಾಗಿ ಹಾಕಲಿ. ಅಳಿಯಂದಿರ ಬೆಡ್‌ಶೀಟೇ ಗೆದ್ದಿತು.

ಮೊದಲ ದಿನ ಮಣ್ಣಿಗೆ ಚೆನ್ನಾಗಿ ನೀರುಣಿಸುವುದನ್ನೂ ಮರೆಯಬಾರದು. ಒಣ ಮಣ್ಣಿಗಿಂತ ಒದ್ದೆ ಮಣ್ಣು ಹೆಚ್ಚು ಬಿಸಿಯನ್ನು ಕೂಡಿಟ್ಟು ರಾತ್ರಿ ಬಿಡುತ್ತದೆ.

ಮುಖ್ಯವಾದ ಇನ್ನೊಂದು ವಿಷಯ: ಈ ಎರಡು ರಾತ್ರಿಗಳು ಒಂದೇ ಬಗೆಯವಲ್ಲ. ಮೊದಲ ರಾತ್ರಿ ಫ್ರಂಟಿನ ಬೆನ್ನಿಗೇ ಬರುವ ಬಿರುಗಾಳಿಯಲ್ಲಿ ತಣ್ಣಗಿನ ಗಾಳಿ ಹೊರಗಿನಿಂದ ಬಂದು ತುಂಬುತ್ತದೆ. ಆಗ ಬೆಡ್‌ಶೀಟ್ ಹಾರಿಹೋಗದಂತೆ ನೋಡುವುದೇ ದೊಡ್ಡ ಕೆಲಸ. ಎರಡನೆಯ ರಾತ್ರಿ ಅಧಿಕ ವಾಯುಭಾರ ಬಂದು ನಿಂತು, ಗಾಳಿ ಅಡಗಿ, ಆಕಾಶ ಶುಭ್ರವಾಗಿ, ನೆಲದ ಬಿಸಿಯೆಲ್ಲ ತಡೆಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ಮುನ್ಸೂಚನೆಯಲ್ಲಿ ಶುಕ್ರವಾರ ಬೆಳಗ್ಗೆ ಗುರುವಾರಕ್ಕಿಂತ ಕೆಳಗಿರುವುದು ಅದಕ್ಕೇ. ಮೊದಲ ರಾತ್ರಿ ಗಿಡ ಉಳಿಯಿತೆಂದು ಹೊದಿಕೆ ಮಡಚಿಟ್ಟವರು ಮರುದಿನ ಗಿಡ ಕಳೆದುಕೊಳ್ಳುತ್ತಾರೆ.

ಪಣಂಬೂರು ಹಡಗು
ನಾನು ಸರಕು ಹಡಗಿನಲ್ಲಿದ್ದವನು. ಟೆಕ್ಸಾಸಿನ ಗಾಲ್ವೆಸ್ಟನ್, ಹ್ಯೂಸ್ಟನ್ ಬಂದರುಗಳಲ್ಲಿ ಈ ಫ್ರಂಟುಗಳನ್ನು ಕಂಡಿದ್ದೇನೆ. ಅಲ್ಲಿಯವರು ಇದನ್ನು ನಾರ್ದರ್ ಎನ್ನುತ್ತಾರೆ. ಮಧ್ಯಾಹ್ನ ಬನಿಯನ್ನಿನಲ್ಲಿ ಡೆಕ್ಕಿನ ಮೇಲೆ ಬೆವರುತ್ತಿದ್ದವರು ಸಂಜೆ ದಪ್ಪ ಜಾಕೆಟ್ ಹಾಕಿ ಹಗ್ಗಗಳನ್ನು ಇಮ್ಮಡಿ ಕಟ್ಟಬೇಕಾಗುತ್ತದೆ. ಬ್ಯಾರೊಮೀಟರಿನ ಮುಳ್ಳು ಇಳಿಯುತ್ತಾ ಬಂದು ಒಮ್ಮೆಲೇ ಏರಲು ತೊಡಗಿತೆಂದರೆ ಫ್ರಂಟ್ ದಾಟಿತೆಂದು ತಿಳಿಯುತ್ತಿದ್ದೆವು. ನಮ್ಮ ಕಡಲಿನಲ್ಲಿ ಮುಂಗಾರಿನ ಅಬ್ಬರ ಕಂಡವನಿಗೂ ಆ ಗಾಳಿಯ ಒಣ ಚಳಿ ಹೊಸದು.

ಬಜಪೆ ಬಿಸಿಲು
ಒಂದು ಪ್ರಶ್ನೆ. ಫ್ಲೋರಿಡಾದಲ್ಲಿ ಹಣ್ಣಿನ ತೋಟಗಳಿಗೆ ಇಂಥ ರಾತ್ರಿ ನೀರು ಚಿಮುಕಿಸಿ ಗಿಡಗಳನ್ನು ಮಂಜುಗಡ್ಡೆಯಲ್ಲೇ ಮುಚ್ಚುತ್ತಾರೆಂದು ಓದಿದ್ದೇನೆ. ಹಾಗಿದ್ದರೆ ಬೆಡ್‌ಶೀಟಿನ ರಗಳೆ ಏಕೆ? ಪೈಪ್ ಹಿಡಿದು ನೀರು ಹೊಡೆದರಾಯಿತು.

ಸುರತ್ಕಲ್ ಎಂಜಿನಿಯರ್
ಓದಿದ್ದು ಸರಿ, ಪೈಪ್ ಹಿಡಿಯುವುದು ಸರಿಯಲ್ಲ. ನೀರು ಮಂಜುಗಡ್ಡೆಯಾಗುವಾಗ ಒಂದು ಗ್ರಾಮಿಗೆ 80 ಕ್ಯಾಲೊರಿಯಷ್ಟು ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಗಿಡ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಆದರೆ ರಾತ್ರಿಯಿಡೀ, ಬೆಳಗ್ಗೆ ಗಡ್ಡೆ ಕರಗುವವರೆಗೆ, ಒಂದೇ ಸಮನೆ ನೀರು ಬೀಳುತ್ತಿರಬೇಕು. ನಡುವೆ ನಿಂತರೆ, ಅಥವಾ ಒಣ ಗಾಳಿ ಬೀಸಿದರೆ, ನೀರು ಆವಿಯಾಗುತ್ತಾ ಗಿಡದ ಶಾಖವನ್ನೇ ಇನ್ನಷ್ಟು ಎಳೆದುಕೊಳ್ಳುತ್ತದೆ. ಫ್ರಂಟಿನ ಹಿಂದೆ ಬೀಸುವುದು ಒಣ ಗಾಳಿಯೇ.

ಕುಂದಾಪ್ರದವ
ಊಟಿಯಲ್ಲಿ ಡಿಸೆಂಬರ್, ಜನವರಿ ಬಂದರೆ ಹುಲ್ಲಿನ ಮೇಲೆ ಬಿಳಿ ಹಾಸು ಬೀಳುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಅಲ್ಲಿಗೂ ಈ ಕೋಲ್ಡ್ ಫ್ರಂಟೇ ಬರುವುದೇ, ಮಾಸ್ತರೇ?

ಮಣಿಪಾಲದ ಭೂಗೋಳ ಮಾಸ್ತರ
ಇಲ್ಲ. ಅದು ಎಂಜಿನಿಯರರು ಹೇಳಿದ ಎರಡನೆಯ ಬಗೆಯ ರಾತ್ರಿಯ ಕೆಲಸ. ಎರಡು ಸಾವಿರ ಮೀಟರಿಗಿಂತ ಎತ್ತರದ ಜಾಗ, ಗಾಳಿಯಿಲ್ಲದ ಶುಭ್ರ ರಾತ್ರಿ, ಇಳಿಜಾರಿನಿಂದ ಜಾರಿಬಂದ ತಣ್ಣಗಿನ ಗಾಳಿ ಕಣಿವೆಯ ತಳದಲ್ಲಿ ನಿಲ್ಲುವುದು, ಇಷ್ಟು ಸೇರಿದರೆ ತಲೈಕುಂದದಂಥ ತಗ್ಗಿನಲ್ಲಿ ಬಿಳಿ ಹಾಸು ಬೀಳುತ್ತದೆ. ಹೊರಗಿನಿಂದ ಗಾಳಿಯೇನೂ ನುಗ್ಗುವುದಿಲ್ಲ.

ಬಿಳಿಯದು ಕಾಣದಿದ್ದರೆ ಅಪಾಯವಿಲ್ಲ ಎಂದೂ ಭಾವಿಸಬೇಡಿ. ಗಾಳಿ ತೀರ ಒಣಗಿದ್ದರೆ ಎಲೆಯ ಮೇಲೆ ಹರಳು ಕಟ್ಟುವಷ್ಟು ತೇವವೇ ಇರುವುದಿಲ್ಲ, ಆದರೂ ಒಳಗಿನ ಜೀವರಸ ಹೆಪ್ಪುಗಟ್ಟಿ ಗಿಡ ಕಪ್ಪಾಗುತ್ತದೆ. ಇದಕ್ಕೆ ವಿರುದ್ಧವಾಗಿ ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿರುವಾಗಲೇ ನೆಲದ ಹುಲ್ಲು ಬಿಳಿಯಾಗಬಹುದು. ಮಾಪಕವಿರುವುದು ನೆಲದಿಂದ ಐದಾರು ಅಡಿ ಮೇಲೆ, ನಿಶ್ಚಲ ರಾತ್ರಿಯಲ್ಲಿ ಹೆಚ್ಚು ತಣಿಯುವುದು ನೆಲ.

ಮಂಗಳಾದೇವಿ ರಸ್ತೆ
ಮಲ್ಲಿಗೆಮನೆಯವರೇ, ಅಮೆರಿಕದಲ್ಲಿ ಒಂದು ಗಿಡ ಉಳಿಸಲು ಇಷ್ಟು ಜನ ಸೇರಿದ್ದೇವೆ. ನಮ್ಮೂರಿನಲ್ಲಿ ಚಳಿ ಶುರುವಾಗುವಾಗ ಮಲ್ಲಿಗೆಯ ಬೆಲೆ ಇಳಿಸುವ ಉಪಾಯವೇನಾದರೂ ಇದೆಯೇ?

ಶಂಕರಪುರದ ಮಲ್ಲಿಗೆಮನೆ
800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಚಳಿಗೆ ಮೊಗ್ಗು ಕಡಿಮೆ, ಮದುವೆಗಳು ಹೆಚ್ಚು, ಹಾಗಾಗಿ ಅಟ್ಟೆಯ ದರ ಎರಡು ಸಾವಿರ ದಾಟುವುದುಂಟು. ಇಬ್ಬನಿಯಲ್ಲಿ ಬೆಳಗ್ಗೆ ಎದ್ದು ಮೊಗ್ಗು ಕೊಯ್ದು ಕಟ್ಟುವವರನ್ನು ಒಮ್ಮೆ ನೋಡಿದರೆ ನೀವು ದರ ಇಳಿಸುವ ಮಾತಾಡಲಾರಿರಿ.

ಡಲ್ಲಾಸಿನ ದೇರೆಬೈಲು
ಇಷ್ಟೆಲ್ಲ ಓದಿದವರಿಗೆ ಫ್ರೀಜ್ ಎಂದರೆ ಬರೀ ನಷ್ಟ ಎನಿಸೀತು. ಒಕ್ಲಹೋಮಾ ಗೋಧಿಯ ನಾಡು. ಅಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಗೋಧಿ ಚಳಿಗಾಲದ ತಣ್ಪನ್ನು ಉಣ್ಣದಿದ್ದರೆ ವಸಂತದಲ್ಲಿ ತೆನೆಗೆ ಬರುವುದಿಲ್ಲ. ಪೀಚ್, ಸೇಬುಗಳಿಗೂ ಲೆಕ್ಕದ ತಾಸುಗಳಷ್ಟು ಚಳಿ ಬೇಕು. ಕ್ಯಾರೆಟ್, ಪಾಲಕ್ ತಣ್ಪಿಗೆ ತಮ್ಮೊಳಗೆ ಸಕ್ಕರೆ ಕೂಡಿಸಿಕೊಂಡು ಸಿಹಿಯಾಗುತ್ತವೆ. ಊರಿನಲ್ಲೂ ಮಾವು ಚೆನ್ನಾಗಿ ಹೂಬಿಡಲು ಡಿಸೆಂಬರಿನ ತಂಪು ರಾತ್ರಿಗಳು ಬೇಕಲ್ಲವೇ? ಈ ಹೊದಿಕೆಯ ಕಷ್ಟವೆಲ್ಲ ನಮ್ಮಂತೆ ಬಸಳೆಯನ್ನು ಅದರದಲ್ಲದ ಊರಿಗೆ ಒಯ್ದವರಿಗೆ ಮಾತ್ರ.

ಬಜಪೆ ಬಿಸಿಲು
ಒಯ್ದದ್ದು ತಪ್ಪು ಎನ್ನುತ್ತೀರಾ? ಹಾಗಾದರೆ ನಿಮ್ಮ ಇಟ್ಟಿಗೆ ಗೋಡೆಯ ಮಲ್ಲಿಗೆ ಯಾವ ಊರಿನದು?

ಸುರತ್ಕಲ್ ಎಂಜಿನಿಯರ್
ಗಿಡದ ನಡುವೆ ಮನೆಯನ್ನು ಮರೆಯದಿರಲಿ. ಹೊರಗಿನ ನಲ್ಲಿಗೆ ಸಿಕ್ಕಿಸಿದ ಉದ್ದ ಪೈಪನ್ನು ಬುಧವಾರವೇ ಬಿಚ್ಚಿ ಒಳಗಿಡಬೇಕು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪ್ ಸಿಕ್ಕಿಸಿಟ್ಟರೆ ನಲ್ಲಿಯೊಳಗೆ ನಿಂತ ನೀರಿಗೆ ಹಿಗ್ಗಲು ಜಾಗವಿಲ್ಲದೆ ಗೋಡೆಯೊಳಗಿನ ಕೊಳವೆ ಸೀಳುತ್ತದೆ. ಕಾರಿನ ಚಕ್ರದ ಗಾಳಿಯನ್ನೂ ನೋಡಿಸಲಿ. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ, ಗುರುವಾರ ಬೆಳಗ್ಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದರೆ ಗಾಬರಿಯಾಗಬೇಕಿಲ್ಲ.

ಕಟಪಾಡಿ ಅಮ್ಮ
ಪೈಪಿನ ವಿಷಯ ಅವರಿಬ್ಬರಿಗೂ ಹೊಳೆದಿರಲಿಲ್ಲ, ಈಗಲೇ ಫೋನು ಮಾಡಿ ಹೇಳಿದೆ. ಕರಿಬೇವು ಒಂದುವೇಳೆ ಸತ್ತರೆ ಡಿಸೆಂಬರಿನಲ್ಲಿ ನಾನು ಹೋಗುವಾಗ ಒಂದು ಸಸಿ ಅಥವಾ ಸೊಪ್ಪಾದರೂ ಒಯ್ಯಬಹುದೇ?

ತುಲ್ಸಾದ ತುಳುವ
ಖಂಡಿತ ಬೇಡ ಅಕ್ಕ, ಸೊಪ್ಪು ಕೂಡ ಬೇಡ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟವೊಂದು ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕಾಗಿ ಹಸಿ ಎಲೆಯನ್ನೂ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಹೇಳದೆ ಒಯ್ದರೆ ದಂಡವೂ ಬೀಳಬಹುದು. ಸಸಿಗಳು ಇಲ್ಲಿಯ ನರ್ಸರಿಗಳಲ್ಲೇ ಸಿಗುತ್ತವೆ. ಒಳಗಿಟ್ಟ ಕರಿಬೇವು ಎಲೆ ಉದುರಿಸಿ ಬೋಳಾದರೂ ಸತ್ತಿತೆಂದು ಎಸೆಯಬೇಡಿ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರಿದ್ದರೆ ಜೀವವಿದೆ.

ಬಜಪೆ ಬಿಸಿಲು
ಕೊನೆಗೊಂದು ತಕರಾರು. ಎರಡು ರಾತ್ರಿ ಹೊದಿಸಿ ಉಳಿಸಿದರೂ ಮೂರನೆಯ ರಾತ್ರಿ ಇದೇ ಪಾಡಲ್ಲವೇ? ಮಾರ್ಚಿಯವರೆಗೆ ದಿನವೂ ಬೆಡ್‌ಶೀಟ್ ಹೊದಿಸುತ್ತಾ ಕೂರಲು ಆದೀತೇ?

ತುಲ್ಸಾದ ತುಳುವ
ಇಲ್ಲಿಯ ಶರತ್ಕಾಲ ಹಾಗೆ ಒಂದೇ ಸಮನೆ ಇಳಿಯುವುದಿಲ್ಲ. ತಣ್ಣಗಿನ ಗಾಳಿಯ ಗುಡ್ಡೆ ಪೂರ್ವಕ್ಕೆ ಸರಿದ ಕೂಡಲೇ ದಕ್ಷಿಣದ ಗಾಳಿ ಮತ್ತೆ ಶುರುವಾಗಿ, ಭಾನುವಾರ ಅಥವಾ ಸೋಮವಾರದ ಹೊತ್ತಿಗೆ ಹಗಲು 20ರ ಮೇಲೆ ಬಂದರೆ ಆಶ್ಚರ್ಯವಿಲ್ಲ. ಮೊದಲ ಫ್ರೀಜಿಗೂ ಎರಡನೆಯದಕ್ಕೂ ನಡುವೆ ಕೆಲವು ವರ್ಷ ಎರಡು ಮೂರು ವಾರಗಳ ಬಿಡುವು ಸಿಗುತ್ತದೆ, ಹೊದಿಸುವ ಕಷ್ಟ ಆ ಬಿಡುವಿಗಾಗಿ. ಬದನೆಗೆ ಆ ಬಿಡುವಿನಲ್ಲಿ ಇನ್ನೊಂದು ಸುತ್ತು ಕಾಯಿ ಬಲಿಯಬಹುದು. ಬಸಳೆಗೆ ಮಾತ್ರ ಹೊದಿಕೆ ವ್ಯರ್ಥ, ಬೇಲಿಯಷ್ಟು ಎತ್ತರದ ಚಪ್ಪರಕ್ಕೆ ನೆಲ ಮುಟ್ಟುವಂತೆ ಹೊದಿಸಲು ಮದುವೆಯ ಶಾಮಿಯಾನವೇ ಬೇಕಾದೀತು. ಗುರುವಾರ, ಶುಕ್ರವಾರ ಎರಡೂ ದಿನ ಬಿಸಿಲೇರಿ ಉಷ್ಣತೆ ಸೊನ್ನೆಗಿಂತ ಚೆನ್ನಾಗಿ ಮೇಲೆ ಬಂದ ಮೇಲೆ ಹೊದಿಕೆ ತೆಗೆಯಲಿ, ಸಂಜೆ ಸೂರ್ಯ ಮುಳುಗುವ ಮೊದಲೇ, ನೆಲದಲ್ಲಿ ಬಿಸಿ ಉಳಿದಿರುವಾಗಲೇ, ಮತ್ತೆ ಹಾಕಲಿ.